ಊರು ಅರ್ಧ ಕೇಳಿದ ನಾಟಕ

ನಮ್ಮ ಮನೆಗೆ ರೇಡಿಯೋ ಬಂದದ್ದು ಹಾಡು ಕೇಳುವುದಕ್ಕಲ್ಲ. ಹಾಡು ಕೇಳುತ್ತಾ ಕೂರುವುದು ಕೆಲಸವಿಲ್ಲದವರ ಲಕ್ಷಣವೆಂದು ಅಪ್ಪ ನಂಬಿದ್ದರು. ಅದು ಬಂದದ್ದು ಅಕ್ಕನ ಸ್ವರ ಕೇಳುವುದಕ್ಕೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಅಕ್ಕನಿಗೆ ಘಟ್ಟದ ಮೇಲಿನ ಒಂದು ರೇಡಿಯೋ ನಿಲಯದಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಹೊತ್ತು ಪೇಟೆಧಾರಣೆ, ಹವಾಮಾನ, ಸರಕಾರದ ಪ್ರಕಟಣೆ ಓದುವ ಕೆಲಸ. ಆ ಕಾಲದಲ್ಲಿ ನಮ್ಮ ಕ್ರಿಸ್ತುವರ ಮನೆಯ ಹುಡುಗಿ ಒಬ್ಬಳೇ ಘಟ್ಟ ಹತ್ತಿದಳೆಂದರೆ ನರ್ಸಾಗಲಿಕ್ಕೆ, ಇಲ್ಲವೇ ಕನ್ಯಾಸ್ತ್ರೀಯಾಗಲಿಕ್ಕೆ. ಮೂರನೆಯ ದಾರಿ ಹಿಡಿದ ಅಕ್ಕನಿಗೆ ಅಪ್ಪ ಒಂದು ಷರತ್ತು ಹಾಕಿದ್ದರು. "ವರ್ತಮಾನ ಓದು, ಅಡ್ಡಿಯಿಲ್ಲ. ನಾಟಕ ಗೀಟಕ ಅಂತ ಹೊರಟರೆ ಈ ಮನೆಯ ಮೆಟ್ಟಿಲು ಹತ್ತಬೇಡ."

ಹಾಗೆ ಹೇಳಲು ಕಾರಣವಿತ್ತು. ಅಕ್ಕನಿಗೆ ಚಿಕ್ಕಂದಿನಿಂದ ನಾಟಕದ ಹುಚ್ಚು. ಕಾನ್ವೆಂಟಿನ ವಾರ್ಷಿಕೋತ್ಸವದಲ್ಲಿ ಅವಳು ಮುದುಕಿಯ ಪಾತ್ರ ಮಾಡಿದರೆ ಮುಂದಿನ ಸಾಲಿನ ಸಿಸ್ಟರುಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಒಮ್ಮೆ ಪಾತ್ರ ಕೊಟ್ಟಿದ್ದರು, ಮರದ್ದು. ಅಲುಗಾಡದೆ ನಿಂತದ್ದಕ್ಕೆ ಹೊಗಳಿದ್ದರು ಕೂಡ.

ರೇಡಿಯೋವನ್ನು ಯೇಸುವಿನ ಪಟದ ಕೆಳಗೆ, ಅಪ್ಪನ ಹೊರತು ಯಾರ ಕೈಗೂ ಎಟುಕದ ಎತ್ತರದ ಹಲಗೆಯ ಮೇಲೆ ಇಟ್ಟಿದ್ದೆವು. ಅಮ್ಮ ಅದಕ್ಕೆ ಕ್ರೋಶಾದ ಹೊದಿಕೆ ಹೆಣೆದಿದ್ದಳು. ಅಂಗಳದ ಎರಡು ತೆಂಗಿನ ಮರಗಳ ನಡುವೆ ಏರಿಯಲ್ಲಿನ ತಂತಿ. ಅದರ ಮೇಲೆ ಕಾಗೆ ಕೂತರೆ ಸ್ವರ ಕೆಡುತ್ತದೆಂದು ಅಪ್ಪನ ಗುಮಾನಿ. ರೇಡಿಯೋ ಗೊರಗೊರ ಎಂದಾಗಲೆಲ್ಲ ಅವರು ಹೊರಗೆ ಹೋಗಿ ಕಾಗೆಗಳಿಗೆ ಬೈದು ಬರುತ್ತಿದ್ದರು. ಗುಂಡಿ ತಿರುಗಿಸಿದ ಮೇಲೆ ಒಳಗಿನ ಬಲ್ಬುಗಳು ಕಾಯುವವರೆಗೆ ಮಾತಿಲ್ಲ. ಆಮೇಲೆ ಮುಂಭಾಗದ ದೀಪ, ಅದರ ಹಸಿರು ಕಣ್ಣು, ನಿಧಾನವಾಗಿ ತೆರೆಯುತ್ತಿತ್ತು. ಈಗಲೂ ನನಗೆ ಆ ಹಸಿರು ಬೇಕೆನಿಸುತ್ತದೆ. ಇಂದಿನ ಯಾವ ಯಂತ್ರವೂ ಮಾತಾಡುವ ಮೊದಲು ಹಾಗೆ ನಮ್ಮನ್ನು ನೋಡುವುದಿಲ್ಲ.

ಕಡಲು ಸೇರುವ ಹೊಳೆಯ ದಂಡೆಯಲ್ಲಿದ್ದ ಬೊಕ್ಕಪಟ್ಣದ ನಮ್ಮ ಓಣಿಯಲ್ಲಿ ಹೆಚ್ಚಿನವರು ಕಡಲಿಗೆ ಹೋಗುವವರು. ಅವರ ಹೆಂಗಸರು ಸಂಜೆ ಮೀನಿನ ಬುಟ್ಟಿ ತೊಳೆದಿಟ್ಟು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅವರಿಗೆ ಬೇಕಾದದ್ದು ಹವಾಮಾನದ ನಾಲ್ಕು ಮಾತು, ಅಷ್ಟೇ. ಅಕ್ಕ ಓದುತ್ತಿದ್ದಳು, ಅಪ್ಪ ಜಗಲಿಯಲ್ಲಿ ನಿಂತು ಅದನ್ನು ತುಳುವಿನಲ್ಲಿ ಹೇಳುತ್ತಿದ್ದರು. ಅಪ್ಪ ಶಾಲೆಯಲ್ಲಿ ಕನ್ನಡ ಮಾಸ್ಟ್ರು. ಅನುವಾದ ಮಾಡುವಾಗ ಒಂದು ಚಿಟಿಕೆ ಉಪ್ಪು ಹೆಚ್ಚೇ ಹಾಕುವ ಅಭ್ಯಾಸ ಅವರಿಗೆ. 'ಸಾಧಾರಣ ಗಾಳಿ' ಎಂದು ಅಕ್ಕ ಓದಿದರೆ, 'ಗಾಳಿ ಉಂಟು, ಆದರೆ ದೇವರಿದ್ದಾನೆ' ಎಂದು ಅಪ್ಪನ ತುಳು. ಮುಗಿದೊಡನೆ ಗುಂಡಿ ತಿರುಗಿಸಿ ಆರಿಸಿಬಿಡುತ್ತಿದ್ದರು, ಬಲ್ಬು ಸುಟ್ಟುಹೋದರೆ ಎಂಬ ಹೆದರಿಕೆಯಿಂದ. ಹೀಗಾಗಿ ರೇಡಿಯೋದಲ್ಲಿ ಹವಾಮಾನದ ಆಚೆ ಇನ್ನೇನು ಬರುತ್ತದೆ ಎಂಬುದು ನಮ್ಮ ಓಣಿಗೆ ಗೊತ್ತೇ ಇರಲಿಲ್ಲ.

ಅಂಗಳಕ್ಕೆ ಬರುವವರಲ್ಲಿ ಮೆಟ್ಟಿಲ ಮೇಲೆ ಕೂರುವ ಹಕ್ಕು ಒಬ್ಬಳಿಗೆ ಮಾತ್ರ. ಅವಳು ಆಚೆಮನೆಯ ಮೀನುಗಾರ್ತಿ. ನಾವು ಅವಳನ್ನು ಕರೆಯುತ್ತಿದ್ದುದು ದೊಡ್ಡಮ್ಮ ಎಂದೇ. ಅಕ್ಕ ಹುಟ್ಟಿದಾಗ ಅಮ್ಮನಿಗೆ ವಿಷಮ ಜ್ವರ, ಎದೆಯಲ್ಲಿ ಹಾಲಿಲ್ಲ. ದೊಡ್ಡಮ್ಮನ ಮಡಿಲಲ್ಲಿ ಆಗ ಅವಳದೇ ಹೆಣ್ಣು ಕೂಸಿತ್ತು. ಒಂದು ಬದಿಗೆ ಅದು, ಇನ್ನೊಂದು ಬದಿಗೆ ನಮ್ಮ ಅಕ್ಕ. ಮಗಳು ದೊಡ್ಡವಳಾಗಿ ಮಲ್ಪೆಗೆ ಮದುವೆಯಾಗಿ ಹೋದಳು, ಅಕ್ಕ ಘಟ್ಟ ಹತ್ತಿದಳು. ದೊಡ್ಡಮ್ಮ ಇಬ್ಬರನ್ನೂ ಒಂದೇ ಸಮ ಬೈಯುತ್ತಿದ್ದಳು. ರೇಡಿಯೋದಲ್ಲಿ ಅಕ್ಕನ ಸ್ವರ ಬಂದ ಕೂಡಲೇ ಸುತ್ತ ನೋಡಿ, "ನನ್ನ ಹಾಲು ಕುಡಿದ ಗಂಟಲು. ಸುಳ್ಳು ಹೇಳುದಿಲ್ಲ," ಎನ್ನುತ್ತಿದ್ದಳು. ಅವಳ ಮಾತೆಲ್ಲ ತುಳುವಿನಲ್ಲಿ. ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಉಪ್ಪು ಹೆಚ್ಚು ಹಾಕದೆ.

ಒಂದು ಮಾತು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಮಾತೂ ಕನ್ನಡವಲ್ಲ. ಒಂದು ಮನೆಯಲ್ಲಿ ತುಳು, ಒಂದರಲ್ಲಿ ಕೊಂಕಣಿ, ಮೂಲೆಯ ಅಂಗಡಿಯಲ್ಲಿ ಬ್ಯಾರಿ ಭಾಷೆ. ಕನ್ನಡವೆಂದರೆ ಶಾಲೆ, ಕಚೇರಿ, ಕೋರ್ಟು. ಆ ಭಾಷೆಯಲ್ಲಿ ಯಾರೂ ಜಗಳವಾಡಿದ್ದನ್ನು, ತಮಾಷೆ ಮಾಡಿದ್ದನ್ನು ನಾವು ಕಂಡಿರಲಿಲ್ಲ. ಯಕ್ಷಗಾನದವರು ಕನ್ನಡದಲ್ಲೇ ಮಾತಾಡುತ್ತಿದ್ದರು, ನಿಜ. ಆದರೆ ಅಲ್ಲಿ ಚೆಂಡೆ ಇತ್ತು, ಕಿರೀಟ ಇತ್ತು, ಮುಖದ ತುಂಬ ಬಣ್ಣ ಇತ್ತು. ಅದು ಆಟ ಎಂಬುದು ಹಾಲುಗಲ್ಲದ ಮಗುವಿಗೂ ಗೊತ್ತು. ರೇಡಿಯೋಗೆ ಬಣ್ಣ ಬಳಿಯುವವರು ಯಾರು? ಬಣ್ಣವಿಲ್ಲದ ಕನ್ನಡವೆಂದರೆ ಸರಕಾರ, ಸರಕಾರವೆಂದರೆ ನಿಜ. ನಮ್ಮ ಲೆಕ್ಕ ಅಷ್ಟು ಸರಳವಾಗಿತ್ತು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಬೇರೆ ದಿನ ಬೇಗ ಮುಗಿಯುವ ಸಂಜೆಯ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ, ಆ ತಿಂಗಳಲ್ಲಿ ಮುಗಿಯುವುದೇ ಇಲ್ಲ. ಸಂತರನ್ನೆಲ್ಲ ಒಬ್ಬೊಬ್ಬರಾಗಿ ಕರೆಯಬೇಕು. ಅಪ್ಪ ಯಾರನ್ನೂ ಬಿಡುವವರಲ್ಲ. ಆ ಸಂಜೆಯೂ ಹಾಗೇ. ಅಂಗಳದಲ್ಲಿ ಹೆಂಗಸರು ಬಂದು ಕೂತಾಗಿದೆ, ನಾವಿನ್ನೂ ಮೊಣಕಾಲ ಮೇಲೆ. ನಾನು ಆಗ ಪ್ರಾಥಮಿಕ ಶಾಲೆಯಲ್ಲಿ ಹೊಸ ಟೀಚರು, ದಿನವಿಡೀ ನಿಂತ ಕಾಲು. ಅಪ್ಪ ಇನ್ನೊಬ್ಬ ಸಂತನನ್ನು ಹುಡುಕಿ ತೆಗೆದಾಗ ನಾನು ನಿಟ್ಟುಸಿರು ಬಿಟ್ಟೆ. ಅದಕ್ಕೆ ಶಿಕ್ಷೆಯಾಗಿ ಅವರು ಇನ್ನೊಂದು ಪ್ರಾರ್ಥನೆ ಸೇರಿಸಿದರು. ಕೊನೆಗೆ ಗುಂಡಿ ತಿರುಗಿಸುವಾಗ ಹವಾಮಾನದ ಹೊತ್ತು ಮೀರಿಹೋಗಿತ್ತು.

ಹಸಿರು ಕಣ್ಣು ತೆರೆಯಿತು. ಅಕ್ಕನ ಸ್ವರ ಬಂತು.

"ಕರಾವಳಿಯ ಮೀನುಗಾರರಿಗೆ ಎಚ್ಚರಿಕೆ. ಪಡುಗಡಲಿನಲ್ಲಿ ಎದ್ದಿರುವ ಚಂಡಮಾರುತ ಇಂದು ದಡವನ್ನು ಮುಟ್ಟಲಿದೆ. ಕಡಲಿಗೆ ಇಳಿದ ದೋಣಿಗಳು ಕೂಡಲೇ ಹಿಂತಿರುಗಬೇಕು. ದಡದ ಮನೆಗಳಲ್ಲಿ ಇರುವವರು…"

ಅಲ್ಲಿ ಅಕ್ಕನ ಸ್ವರ ಒಡೆಯಿತು. ಒಂದು ಬಿಕ್ಕು ಕೇಳಿಸಿತು. ಮತ್ತೆ ಹೇಳಿದಳು: "ದಡದ ಮನೆಗಳಲ್ಲಿ ಇರುವವರು ಎತ್ತರದ ಜಾಗಕ್ಕೆ ಹೋಗಬೇಕು."

ವರ್ತಮಾನ ಓದುವವಳು ಅಳುವುದುಂಟೇ ಎಂದು ಕನ್ನಡ ಮಾಸ್ಟ್ರಾದ ಅಪ್ಪನಿಗಾದರೂ ಅನಿಸಬೇಕಿತ್ತು. ಅನಿಸಲಿಲ್ಲ, ನನಗೂ ಅನಿಸಲಿಲ್ಲ. ಆ ಅಳುವೇ ನಮ್ಮೆಲ್ಲರನ್ನು ನಂಬಿಸಿತು. ಅಪ್ಪ ಬಿಳಿಚಿಕೊಂಡು ಜಗಲಿಗೆ ಬಂದು ತುಳುವಿನಲ್ಲಿ ಹೇಳಿದರು. ಅವತ್ತು ಉಪ್ಪು ಚಿಟಿಕೆಯಲ್ಲಿ ನಿಲ್ಲಲಿಲ್ಲ, ಮುಷ್ಟಿಯೇ ಬಿತ್ತು. ದೊಡ್ಡಮ್ಮ ಅವರ ಮಾತು ಮುಗಿಯುವುದಕ್ಕೂ ಕಾಯಲಿಲ್ಲ. "ಹುಡುಗಿ ಅಳ್ತಾ ಉಂಟು!" ಎಂದು ಎದ್ದು ನಿಂತಳು. ಅವಳ ಗಂಡ ಆ ಸಂಜೆ ದೋಣಿಯಲ್ಲಿದ್ದರು.

ಆಮೇಲಿನದು ನೋಡಬೇಕಿತ್ತು. ಅಪ್ಪ ಇಗರ್ಜಿಗೆ ಓಡಿ ಗಂಟೆ ಹೊಡೆಸಿದರು. ಹೊತ್ತಲ್ಲದ ಹೊತ್ತಿನ ಗಂಟೆ ಕೇಳಿ ಸುತ್ತಲಿನ ಮನೆಗಳೆಲ್ಲ ಬೀದಿಗೆ ಬಂದವು. ಯಾರೋ ಸೈಕಲ್ ಹತ್ತಿ ಪೇಟೆಯ ನಡುವಿನ ಹಂಪನಕಟ್ಟೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿ ಅಂಗಡಿಗಳ ಹಲಗೆ ದಡದಡ ಬಿದ್ದವು. ಕ್ಷೌರದವನು ಅರ್ಧ ಗಡ್ಡ ತೆಗೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿದ. ಗಿರಾಕಿ ನೊರೆಯ ಸಮೇತ ಬಸ್ಸು ಹತ್ತಿದ. ಜನ ಬಿಜೈ ಕಡೆಯ ಗುಡ್ಡಕ್ಕೆ ಹೊರಟರು. ತಲೆಯ ಮೇಲೆ ಹೊಲಿಗೆ ಮೆಷಿನು, ಕಂಕುಳಲ್ಲಿ ಕೋಳಿ, ಕೈಯಲ್ಲಿ ಗೋಡೆ ಗಡಿಯಾರ. ಒಬ್ಬ ಮಹಾನುಭಾವ ಏನೂ ತೋಚದೆ ಬರಿಯ ಕೊಡೆ ಹಿಡಿದು ಹೊರಟಿದ್ದನಂತೆ. ಬಜಪೆಗೆ ಬರಬೇಕಿದ್ದ ವಿಮಾನ ಆಕಾಶದಲ್ಲೇ ತಿರುಗಿ ಹೋಯಿತೆಂದು ಒಬ್ಬರು ಹೇಳಿದರು. ಆ ಹೊತ್ತಿಗೆ ಬಜಪೆಗೆ ವಿಮಾನವೇ ಇರಲಿಲ್ಲವೆಂದು ಯಾರಿಗೂ ನೆನಪಾಗಲಿಲ್ಲ. ಆಕಾಶ ತೊಳೆದಿಟ್ಟಂತೆ ಶುಭ್ರವಾಗಿತ್ತು, ತೆಂಗಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. "ಗಾಳಿ ಬರುವ ಮೊದಲು ಹೀಗೇ ಮಾರಾಯ, ಸುಮ್ಮನೆ ಇರ್ತದೆ," ಎಂದು ತಿಳಿದವರು ಹೇಳಿದರು. ಹೆದರಿದವನಿಗೆ ಹಗ್ಗವೂ ಹಾವು. ನಮಗಂತೂ ಅಲ್ಲಿ ಹಗ್ಗವೂ ಇರಲಿಲ್ಲ.

ಊರೆಲ್ಲ ಗುಡ್ಡದ ಕಡೆ ಓಡಿದರೆ ದೊಡ್ಡಮ್ಮ ಕಡಲ ಕಡೆ ಓಡಿದಳು. ನಾನು ಅವಳ ಹಿಂದೆ. ಯಾಕೆ ಹೋದೆನೋ ತಿಳಿಯದು, ಅವಳನ್ನು ಒಬ್ಬಳೇ ಬಿಡಲು ಮನಸ್ಸಾಗಲಿಲ್ಲ. ಕಡವಿನ ದೋಣಿಯಲ್ಲಿ ಹೊಳೆ ದಾಟಿ, ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯ ಮರಳಿಗೆ ಇಳಿದೆವು. ಬೇರೆ ಹೆಂಗಸರೂ ಬಂದು ಸೇರಿದರು. ತೆಂಗಿನ ಒಣಗಿದ ಮಡಲುಗಳನ್ನು ಪಂಜಿನಂತೆ ಸೂಟೆ ಕಟ್ಟಿ ಬೆಂಕಿ ಹಚ್ಚಿ ತಲೆಯ ಮೇಲೆ ಬೀಸತೊಡಗಿದರು. ದಡದಲ್ಲಿ ಹಾಗೆ ಬೆಂಕಿ ಬೀಸಿದರೆ ಕಡಲಿನಲ್ಲಿದ್ದವರು ಬಲೆ ಬಿಟ್ಟಾದರೂ ಬರಬೇಕು, ಯಾಕೆ ಏನು ಎಂದು ಯೋಚಿಸುವಂತಿಲ್ಲ. ಅದು ಅವರ ಕಟ್ಟುಪಾಡು.

ದೂರದಲ್ಲಿ ದೋಣಿಗಳ ದೀಪಗಳು ನಮ್ಮ ಕಡೆ ತಿರುಗಿದವು. ನನಗೆ ಜೀವ ಬಂದಂತಾಯಿತು. ದೊಡ್ಡಮ್ಮನ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು. "ನೀರು ಇಳಿತಾ ಉಂಟು," ಎಂದಳು. ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಇಳಿತದ ಹೊತ್ತು ಅಲೆಗಳು ಅಡ್ಡಾದಿಡ್ಡಿ ಒಡೆಯುತ್ತವೆ. ತಿಳಿದ ಮೀನುಗಾರ ಹೊರಗೇ ನಿಂತು ನೀರು ಏರುವುದನ್ನು ಕಾಯುತ್ತಾನೆ. ಬೆಂಕಿ ಕಂಡವನು ಕಾಯುವಂತಿಲ್ಲ. ಉಳಿದ ದೋಣಿಗಳು ಹೇಗೋ ಒಳಗೆ ಬಂದವು. ದೊಡ್ಡಮ್ಮನ ಗಂಡನದು ನಮ್ಮ ಕಣ್ಣೆದುರೇ ಮಗುಚಿತು.

ಗಂಡಸರು ನೀರಿಗೆ ಹಾರಿ ಎಳೆದು ತಂದರು. ಜೊತೆಯಲ್ಲಿದ್ದವರಿಗೆ ಏನೂ ಆಗಿರಲಿಲ್ಲ. ದೊಡ್ಡಮ್ಮನ ಗಂಡನ ಬಲಭುಜ ಮಾತ್ರ ದೋಣಿಯ ಅಂಚಿಗೆ ಸಿಕ್ಕಿ ನುಚ್ಚಾಗಿತ್ತು. ಬಲೆ ಹೋಯಿತು. ದೊಡ್ಡಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಆಗ ಹೊಳೆಯ ಕಡೆಯಿಂದ ಒಬ್ಬ ಕೂಗುತ್ತಾ ಬಂದ. "ನಾಟಕವಂತೆ! ಚಂಡಮಾರುತವೂ ಇಲ್ಲ, ಎಂತದೂ ಇಲ್ಲ, ರೇಡಿಯೋ ನಾಟಕವಂತೆ!" ಹಂಪನಕಟ್ಟೆಯ ಹೋಟೆಲಿನ ಧಣಿಯೊಬ್ಬರು, ಪ್ರಳಯವಾದರೂ ಗಲ್ಲಾ ಬಿಟ್ಟು ಏಳುವ ಆಸಾಮಿಯಲ್ಲ, ಒಬ್ಬರೇ ಕೂತಿದ್ದರಂತೆ. ಅವರ ರೇಡಿಯೋ ಕೊನೆಗೆ ನಾಟಕ ಮುಗಿಯಿತೆಂದು ಹೇಳಿ ಪಾತ್ರಧಾರಿಗಳ ಹೆಸರು ಓದಿತಂತೆ. ಅದರಲ್ಲಿ ನಮ್ಮ ಅಕ್ಕನ ಹೆಸರೂ ಇತ್ತು.

ದೊಡ್ಡಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. "ಆಟವಾ?" ಎಂದು ಕೇಳಿದಳು.

ಮರುದಿನದಿಂದ ಊರಿಗೆ ನಗುವೋ ನಗು. ಓಡಿದವರು ಊರೆಲ್ಲ, ಓಡಿದೆ ಎಂದವರು ಒಬ್ಬರೂ ಇಲ್ಲ. ಎಲ್ಲರೂ ಬೇರೆಯವರು ಯಾಕೆ ಓಡುತ್ತಾರೆಂದು ನೋಡಲು ಹೋದವರೇ. ಹೊಲಿಗೆ ಮೆಷಿನು ಹೊತ್ತವನೂ ಹಾಗೇ ಹೇಳಿದ. ಕೆಲವೇ ದಿನಗಳಲ್ಲಿ ಹೆಂಗಸರು ಮತ್ತೆ ನಮ್ಮ ಅಂಗಳಕ್ಕೆ ಬರತೊಡಗಿದರು. "ಇವತ್ತು ನಿಜವಾ, ಆಟವಾ ಮಾಸ್ಟ್ರೇ?" ಎಂದು ಅಪ್ಪನನ್ನು ಕೆಣಕುತ್ತಿದ್ದರು. ಅಪ್ಪ ಅಂದಿನಿಂದ ಅನುವಾದಕ್ಕೆ ಉಪ್ಪು ಹಾಕುವುದನ್ನೇ ಬಿಟ್ಟರು.

ದೊಡ್ಡಮ್ಮ ಮಾತ್ರ ಬರಲಿಲ್ಲ. ಅವಳ ಮೆಟ್ಟಿಲಲ್ಲಿ ಬೇರೆ ಯಾರೂ ಕೂರಲಿಲ್ಲ. ಗಂಡನ ಮೂಳೆ ಕೂಡಿತು, ಆದರೆ ಕೈ ಭುಜಕ್ಕಿಂತ ಮೇಲೆ ಏಳಲಿಲ್ಲ. ಅವರು ಇನ್ನು ಹುಟ್ಟು ಹಿಡಿಯುವಂತಿರಲಿಲ್ಲ, ಜಗಲಿಯಲ್ಲಿ ಕೂತು ಇತರರ ಬಲೆ ಹೆಣೆಯುತ್ತಿದ್ದರು. ದೊಡ್ಡಮ್ಮ ಬುಟ್ಟಿ ಹೊತ್ತು ನಮ್ಮ ಬಾಗಿಲು ದಾಟಿ ಮುಂದಿನ ಓಣಿಗೆ ಹೋಗುವಾಗ ಅಮ್ಮ ಕರೆದರೂ ತಿರುಗುತ್ತಿರಲಿಲ್ಲ. ಬೇರೆಯವರಿಂದ ಕೊಂಡ ಬಂಗುಡೆ ನಮಗೆ ರುಚಿಸಲಿಲ್ಲ. ಅಮ್ಮ ಒಂದು ದಿನ ಸಾರು ಬಡಿಸುತ್ತಾ ಅತ್ತುಬಿಟ್ಟಳು.

ಕ್ರಿಸ್ಮಸ್ಸಿಗೆ ಅಕ್ಕ ಬರುವುದಿತ್ತು. ಅಪ್ಪ ತಮ್ಮ ಮೆಟ್ಟಿಲಿನ ಮಾತು ನೆನಪಿಸಿದರು. ಅಮ್ಮ ಸೌಟು ಕೆಳಗಿಡದೆ ಹೇಳಿದಳು, "ಮೆಟ್ಟಿಲು ನಿಮ್ಮದು, ಅಡುಗೆಮನೆ ನನ್ನದು. ಅವಳು ಹಿತ್ತಿಲ ಬಾಗಿಲಿಂದ ಬರ್ತಾಳೆ." ಅಕ್ಕ ಹಿತ್ತಿಲ ಬಾಗಿಲಿಂದಲೇ ಬಂದಳು. ಸೊರಗಿದ್ದಳು. ಪಾತ್ರ ಮಾಡಬೇಕಿದ್ದ ನಟಿಗೆ ಆ ದಿನ ಗಂಟಲು ಕಟ್ಟಿತ್ತಂತೆ. ವರ್ತಮಾನ ಓದುವವಳ ಪಾತ್ರ ತಾನೇ, ನೀನೇ ಓದಿಬಿಡು ಎಂದು ಇವಳನ್ನು ಕೂರಿಸಿದರಂತೆ. ಬೇಡ ಎನ್ನಲು ಮನಸ್ಸು ಬರಲಿಲ್ಲ ಎಂದಳು. ಅಪ್ಪ ಪೇಪರಿನ ಹಿಂದಿನಿಂದ ಎಲ್ಲ ಕೇಳಿಸಿಕೊಂಡರು.

ಹಬ್ಬದ ದಿನ ನೆರೆಯ ಮನೆಗಳಿಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿ, ಕೊಡುವುದು ನಮ್ಮ ಪದ್ಧತಿ. ತಟ್ಟೆಯಲ್ಲಿ ನೆವ್ರಿ, ಗುಳಿಯೊ, ಕಿಡಿಯೊ ಎಲ್ಲ ಜೋಡಿಸಿ ಕಸೂತಿ ಬಟ್ಟೆ ಮುಚ್ಚಿ ಕಳಿಸುತ್ತೇವೆ. ಪಡೆದವರು ಖಾಲಿ ತಟ್ಟೆ ಹಿಂದೆ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಆಚೆಮನೆಗೆ ನಾನು ಒಯ್ದ ತಟ್ಟೆಯನ್ನು ದೊಡ್ಡಮ್ಮ ತೆಗೆದುಕೊಂಡಳು. ಒಳಗೆ ಹೋಗಿ ತೊಳೆದು, ಒರೆಸಿ, ಖಾಲಿಯಾಗಿ ತಂದು ಕೊಟ್ಟಳು. ಅಕ್ಕ ಅದನ್ನು ನೋಡಿದಳು. ತಟ್ಟೆಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟು, "ನಾನೇ ಹೋಗ್ತೇನೆ," ಎಂದು ಹೊರಟಳು. ನಾನೂ ಹೋದೆ.

ಮಧ್ಯಾಹ್ನದ ಹೊತ್ತು. ಒಳಗೆ ದೊಡ್ಡಮ್ಮನ ಗಂಡ ಊಟ ಮಾಡಿ ಮಲಗಿದ್ದರು. ದೊಡ್ಡಮ್ಮ ಹೊರಗೆ ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದಳು. ಅಕ್ಕ ನೆಲದಲ್ಲೇ ಕೂತಳು.

"ಆಟ ಅಂತ ಎಲ್ಲರೂ ಹೇಳಿದ್ರು," ಎಂದಳು ದೊಡ್ಡಮ್ಮ, ತಲೆಯೆತ್ತದೆ. "ಆಟಕ್ಕೆ ಚೆಂಡೆ ಬೇಡವಾ? ಬಣ್ಣ ಬೇಡವಾ? ದಿನಾ ಗಾಳಿ ಉಂಟು, ಇಲ್ಲ ಅಂತ ಹೇಳುವ ಅದೇ ಸ್ವರ. ಅದರಲ್ಲೇ ನೀನು ಅತ್ತದ್ದು. ಅಳು ಸುಳ್ಳಾದ್ರೆ ಉಳಿದದ್ದು ಎಂತ ನಿಜ ನಿನ್ನದು?"

"ಅಳು ಸುಳ್ಳಲ್ಲ ದೊಡ್ಡಮ್ಮ," ಎಂದಳು ಅಕ್ಕ. "ಬರೆದುಕೊಟ್ಟದ್ದರಲ್ಲಿ ಅಳಬೇಕು ಅಂತ ಇರಲಿಲ್ಲ. ದಡದ ಮನೆ ಅಂತ ಓದುವಾಗ ನಿಮ್ಮ ಮನೆ ಕಣ್ಣೆದುರು ಬಂತು. ನೀವು ಈ ಜಗಲಿಯಲ್ಲಿ ಕೂತದ್ದು ಕಂಡಿತು. ಮುಂದೆ ಓದ್ಲಿಕ್ಕೆ ಆಗ್ಲಿಲ್ಲ. ಅಲ್ಲಿದ್ದವರೆಲ್ಲ ಚೆನ್ನಾಗಿ ಮಾಡಿದಿ ಅಂತ ಬೆನ್ನು ತಟ್ಟಿದ್ರು."

ದೊಡ್ಡಮ್ಮನ ಕೈ ನಿಂತಿತು. ಅವಳು ಅಕ್ಕನ ಮುಖವನ್ನೇ ನೋಡಿದಳು. ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡುವ ಹಾಗೆ ನೋಡಿದಳು. ಆಮೇಲೆ ಕೇಳಿದಳು, "ಮತ್ತೆ ಎಂತ ಆಯ್ತು ಆ ಆಟದಲ್ಲಿ? ನಾವೆಲ್ಲ ಅರ್ಧದಲ್ಲಿ ಎದ್ದು ಓಡಿದೆವಲ್ಲ."

ಅಕ್ಕ ಹೇಳತೊಡಗಿದಳು. ನಾಟಕದಲ್ಲಿ ಆ ವರ್ತಮಾನ ಓದುವವಳ ಗಂಡನೇ ಮೀನುಗಾರ. ಗಾಳಿ ಏಳುತ್ತದೆ, ಊರು ಗುಡ್ಡ ಹತ್ತುತ್ತದೆ, ಹೆಂಡತಿ ಮಾತ್ರ ದಡಕ್ಕೆ ಹೋಗಿ ಬೆಂಕಿ ಹಿಡಿದು ನಿಲ್ಲುತ್ತಾಳೆ. ಅಕ್ಕ ಸ್ವರ ಏರಿಸಲಿಲ್ಲ, ಇಳಿಸಲಿಲ್ಲ, ಕೈ ಕೂಡ ಆಡಿಸಲಿಲ್ಲ. ಪೇಟೆಧಾರಣೆ ಹೇಳುವ ಹಾಗೆ ಹೇಳುತ್ತಾ ಹೋದಳು. ಅಷ್ಟು ಒಳ್ಳೆಯ ನಟಿ ಅಷ್ಟು ಬಿಗಿ ಹಿಡಿದು ಕೂತದ್ದನ್ನು ನೋಡಿ ನನಗೆ ಸಂಕಟವಾಯಿತು.

"ದೋಣಿ ಬಂತಾ?" ಎಂದು ದೊಡ್ಡಮ್ಮ ಕೇಳಿದಳು.

ಬಂತು ಎಂದು ಹೇಳಿಬಿಡು ಮಾರಾಯ್ತಿ, ಹೇಳಿದರೆ ಗಂಟೇನು ಹೋಗುತ್ತದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವಳ ತೊಡೆ ಚಿವುಟಿದೆ ಕೂಡ. ನಾನಾಗಿದ್ದರೆ ದೋಣಿಯನ್ನು ತಂದು, ಮೀನನ್ನೂ ತುಂಬಿಸಿ, ದಡಕ್ಕೆ ಕಟ್ಟಿಬಿಡುತ್ತಿದ್ದೆ. ಅಕ್ಕ ನನ್ನ ಕೈ ಸರಿಸಿದಳು.

"ಇಲ್ಲ ದೊಡ್ಡಮ್ಮ," ಎಂದಳು. "ಬರಲಿಲ್ಲ."

ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಮಲಗಿದವರು ಮಗ್ಗುಲು ಬದಲಿಸಲು ಹೋಗಿ, ಭುಜ ನೋವಾಯಿತೋ ಏನೋ, ನಿದ್ದೆಯಲ್ಲೇ ಯಾರಿಗೋ ಬೈದರು. ಮತ್ತೆ ಗೊರಕೆ ಶುರುವಾಯಿತು. ದೊಡ್ಡಮ್ಮ ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ಕೂತಳು.

"ಹಾಗಾದ್ರೆ ನಮ್ಮದೇ ವಾಸಿ ಮಗಾ," ಎಂದಳು. "ನಮ್ಮದು ಬಂತು."

ಅಕ್ಕ ಆಗ ಅತ್ತಳು. ಸದ್ದು ಮಾಡಿ, ಮೂಗು ಸೋರಿಸಿಕೊಂಡು, ಯಾವ ರಂಗದ ಮೇಲೂ ಯಾರೂ ಅಳದ ಹಾಗೆ ಅತ್ತಳು. ದೊಡ್ಡಮ್ಮ ಮೀನಿನ ಕೈಯಿಂದಲೇ ಅವಳ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡಳು.

"ಅಳು, ಇಲ್ಲಿ ಎಷ್ಟು ಬೇಕಾದ್ರೂ ಅಳು," ಎಂದಳು. "ರೇಡಿಯೋದಲ್ಲಿ ಮಾತ್ರ ಬೇಡ."